ಸಹಿ ಕೇಳಲು ಬಂದವಳಿಗೆ ಉಪ್ಪಿಟ್ಟು

ಸೇವೆ ಮಾಡಿಸಿಕೊಳ್ಳುವವರ ಕಷ್ಟ ಸೇವೆ ಮಾಡುವವರಿಗೆ ತಿಳಿಯುವುದಿಲ್ಲ. ಚಳಿಗಾಲದ ಬೆಳಗ್ಗೆ ದೇವರ ಕೋಣೆಯ ಲಿಂಗಕ್ಕೆ ನಾನು ಸುರಿಯುವ ತಣ್ಣೀರನ್ನು ನೆನೆದರೆ, ನನ್ನ ಭಕ್ತಿಯನ್ನು ಶಿವ ಎಷ್ಟು ಸಹಿಸಿಕೊಂಡಿದ್ದಾನೆ ಎಂದು ಈಗೀಗ ಅನ್ನಿಸುತ್ತದೆ. ಅವನೇನೋ ದೇವರು, ತಡೆದುಕೊಂಡ. ಮನುಷ್ಯರ ಪಾಡು ಬೇರೆ.

ನಮ್ಮ ಯಜಮಾನರು ಮಹಾರಾಷ್ಟ್ರದ ಸಂಭಾಜಿನಗರದಲ್ಲಿ ಸರ್ಕಾರಿ ವಿಶ್ವವಿದ್ಯಾಲಯವೊಂದರ ವಿಭಾಗ ಮುಖ್ಯಸ್ಥರು. ಸಂಕ್ರಾಂತಿ ಮುಗಿದ ಮೇಲೆ ನಾಸಿಕಕ್ಕೆ ತರಬೇತಿಗೆ ಹೋದವರು ಒಂದು ಚೀಲ ದ್ರಾಕ್ಷಿಯನ್ನೂ, "ನಾಯಕ ಅಂದ್ರ ಸೇವಕ" ಎಂಬ ಮಾತನ್ನೂ ತಂದರು. ದ್ರಾಕ್ಷಿ ಬೇಗ ಮುಗಿಯಿತು, ಮಾತು ಮುಗಿಯಲಿಲ್ಲ. ಕಲಬುರಗಿಯ ನನ್ನ ತವರಿನಲ್ಲಿ ಇದಕ್ಕೆ ದಾಸೋಹ ಅಂತಾರೆ, ಇದಕ್ಕೂ ತರಬೇತಿ ಬೇಕಿತ್ತೇ ಎಂದು ನಕ್ಕೆನಾದರೂ ಒಳಗೊಳಗೇ ಹಿಗ್ಗಿದೆ. ಅವರು ವಿಭಾಗದಲ್ಲಿ ಎಲ್ಲರಿಗೂ ತಾವೇ ಚಹಾ ಹಂಚತೊಡಗಿದರು, ಕುರ್ಚಿ ಒರೆಸತೊಡಗಿದರು. ನಾನು ಹಿಂದೆ ಬೀಳಬಾರದಲ್ಲ, ಡಬ್ಬಿ ತುಂಬ ಶೇಂಗಾ ಹೋಳಿಗೆ ಕಳಿಸಿದೆ. ಖಾಲಿ ಡಬ್ಬಿ ಕೊಡಲು ಬಂದ ವಿಭಾಗದ ಜವಾನ ರಾಮಭಾವು, ತಮ್ಮ ಕೆಲಸವನ್ನೆಲ್ಲ ಸಾಹೇಬರೇ ಕಸಿದುಕೊಂಡರು, ಸಾಹೇಬರ ಕೆಲಸ ಮಾಡಲು ತಮಗೆ ಬರುವುದಿಲ್ಲ, ಹೀಗಾದರೆ ಹೇಗೆ ಎಂದು ಮರಾಠಿಯಲ್ಲಿ ಗೊಣಗಿದರು. ಅವರ ಬಾಯಿಯನ್ನೂ ಹೋಳಿಗೆಯಿಂದಲೇ ಮುಚ್ಚಿಸಿದೆ.

ಹೀಗಿರುವಾಗ ಒಂದು ಮಧ್ಯಾಹ್ನ ಸುಜಾತಾ ಮನೆಗೆ ಬಂದಳು. ಬೀದರಿನ ಹುಡುಗಿ, ಯಜಮಾನರ ಬಳಿ ಪಿಎಚ್.ಡಿ. ಮಾಡುತ್ತಿದ್ದವಳು, ನನ್ನನ್ನು ಮರಾಠಿಯವರಂತೆ ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುವವಳು. ಅವರು ಊಟಕ್ಕೆ ಬಂದು ಒಳಗೆ ಅಡ್ಡಾಗಿದ್ದರು. ಕುರ್ಚಿ ಒರೆಸಿ ಒರೆಸಿ ಅವರ ಸೊಂಟ ಹಿಡಿದಿತ್ತು.

"ಸರ್ ಅದಾರೇನ್ರಿ ಕಾಕು?"

"ಅದಾರವ್ವ. ಮೊದಲ ನೀ ಕೂಡು."

ನೀರು ಕೊಟ್ಟೆ, ಉಪ್ಪಿಟ್ಟು ಕೊಟ್ಟೆ. ಅವಳು ಬಾಯಿ ತೆರೆದಾಗಲೆಲ್ಲ ಇನ್ನಷ್ಟು ಬಡಿಸಿದೆ. ಬಡಕಲಾಗಿದ್ದೀ ಎಂದೆ. ಅವಳ ತಾಯಿಯ ಮಂಡಿನೋವು ವಿಚಾರಿಸಿ, ಅವಳು ಉತ್ತರಿಸುವ ಮೊದಲೇ ನನ್ನ ಮಂಡಿಯ ಕಥೆ ಹೇಳಿದೆ. ಮಜ್ಜಿಗೆ ತರಲು ಎದ್ದಾಗ ನೋಡುತ್ತೇನೆ, ಅವಳ ಕಣ್ಣಲ್ಲಿ ನೀರು. ಮೆಣಸಿನಕಾಯಿ ಜಾಸ್ತಿಯಾಯಿತೆಂದುಕೊಂಡೆ.

"ಕಾಕು, ನನಗ ತಿನ್ನಾಕ ಏನೂ ಬ್ಯಾಡ್ರಿ. ಸರ್ ಸಹಿ ಬೇಕ್ರಿ. ಪ್ರಬಂಧ ಒಪ್ಪಸಾಕ ಇವತ್ತೇ ಕಡೀ ದಿನ. ಕೇಳಾಕ ಹೋದಾಗೆಲ್ಲ ಸರ್ ಚಹಾ ಕುಡಿಸಿ ಕಳಸ್ಯಾರ್ರಿ."

ಇವತ್ತು ತಪ್ಪಿದರೆ ಕಾಲೇಜಿನ ನೌಕರಿಯ ಸಂದರ್ಶನವೂ ತಪ್ಪುತ್ತದಂತೆ. ನಾನು ಒಳಗೆ ಓಡಿ ಯಜಮಾನರನ್ನು ಎಬ್ಬಿಸಿದ ರೀತಿಯನ್ನು ಇಲ್ಲಿ ಬರೆಯುವುದಿಲ್ಲ. ಅದರಲ್ಲಿ ಸೇವಾಭಾವ ಕಡಿಮೆಯಿತ್ತು. ಅವರು ಫ್ರಿಜ್ಜಿನ ಮೇಲೆ ಹಾಳೆ ಇಟ್ಟು ಸಹಿ ಹಾಕಿದರು, ತಲೆ ಕೂಡ ಬಾಚದೆ ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದರು. ಕಚೇರಿಯ ಬಾಗಿಲು ಹಾಕುವ ಮೊದಲೇ ಮುಟ್ಟಿದರು. ಸ್ಕೂಟರಿನಲ್ಲಿ ಪೆಟ್ರೋಲ್ ಉಳಿಸಿದ್ದಕ್ಕೆ ಶಿವನಿಗೆ ಬೇರೆಯಾಗಿ ಕೈಮುಗಿದೆ. ಯಜಮಾನರು ಚಹಾದ ಕೆಲಸವನ್ನು ರಾಮಭಾವುಗೆ ಮರಳಿಸಿ, ವಿಭಾಗದಲ್ಲಿ ಬಾಕಿ ಉಳಿದ ಸಹಿಗಳನ್ನೂ ಅಂದೇ ಕೂತು ಮುಗಿಸಿ ಬಂದರು.

ಬಡಿಸುವ ಮೊದಲು ಏನು ಬೇಕೆಂದು ಕೇಳಬೇಕು ಎಂಬುದು ನನಗೂ ಅರ್ಥವಾಯಿತು. ಸಂಜೆ ದಣಿದು ಬಂದವರನ್ನು, "ನಿಮಗ ಏನ್ ಬೇಕ್ರಿ?" ಎಂದು ಕೇಳಿದೆ. ಮದುವೆಯಾದಾಗಿನಿಂದ ನಾನು ಕೇಳಿರದ ಪ್ರಶ್ನೆ. ಅವರು ಚಪ್ಪಲಿ ಬಿಟ್ಟು ಕುರ್ಚಿಗೆ ಒರಗಿದರು.

"ಏನೂ ಬ್ಯಾಡ. ಸ್ವಲ್ಪ ಹೊತ್ತು ಸುಮ್ನ ನನ್ನ ಬಾಜೂಕ ಕೂಡು."

ಕೂತೆ. ಶಿವನಾಣೆ, ಅಷ್ಟು ಕಷ್ಟದ ಸೇವೆಯನ್ನು ನಾನು ಈ ಜನ್ಮದಲ್ಲಿ ಮಾಡಿರಲಿಲ್ಲ. ಅವರು ಕಣ್ಣು ಮುಚ್ಚಿದ್ದೇ ತಡ, ಮೆಲ್ಲಗೆ ಎದ್ದು ಹೋಗಿ ಸಂಡಿಗೆ ಕರಿಯಲು ಎಣ್ಣೆ ಕಾಯಲಿಟ್ಟೆ.