ಅನ್ನ ಬಿಟ್ಟವನ ಸನ್ಮಾನ

ಮೊದಲೇ ಹೇಳಿಬಿಡುತ್ತೇನೆ, ನನ್ನ ಶುಗರ್ ಸಣ್ಣಪುಟ್ಟದ್ದಲ್ಲ. ನನ್ನ ಹೆಂಡತಿಯ ತಮ್ಮ, ಹಿಲ್ಲೂರಿನ ಜಟ್ಟುವಿಗೂ ಶುಗರ್ ಇದೆ, ಬರೀ ನೂರಾ ತೊಂಬತ್ತು. ಅಷ್ಟಕ್ಕೇ ಅವನು ಎರಡು ವರ್ಷದಿಂದ ಮದುವೆ ಊಟದಲ್ಲಿ ಪಾಯಸ ಬಂದಾಗ ಎಲೆಗೆ ಕೈ ಅಡ್ಡ ಹಿಡಿದು, "ನಂಗೆ ಶುಗರ್ ಅದೆ" ಎಂದು ನಾಲ್ಕು ಪಂಕ್ತಿಗೆ ಕೇಳುವಂತೆ ಹೇಳುತ್ತಿದ್ದ. ಆಗಸ್ಟಿನಲ್ಲಿ ನಾನು ಕಾರವಾರಕ್ಕೆ ಹೋಗಿ ರಕ್ತ ಕೊಟ್ಟು ಬಂದೆ. ಮುನ್ನೂರಾ ಹನ್ನೆರಡು! ಒಂದೇ ಏಟಿಗೆ ಜಟ್ಟುವಿನ ಬಾಯಿ ಬಂದ್ ಆಯಿತು. ಕಾಯಿಲೆಯಲ್ಲೂ ಭಾವ ಭಾವನೇ, ಭಾವಮೈದ ಭಾವಮೈದನೇ.

ನಾನು ಭಾವಿಕೇರಿಯ ಜಗದೀಶ. ಕಂಡಕ್ಟರ್ ಜಗದೀಶ ಎಂದರೆ ಬೇಗ ಗೊತ್ತಾಗುತ್ತದೆ. ಅಂಕೋಲಾ-ಕಾರವಾರ ರಸ್ತೆಯಲ್ಲಿ ಮೂವತ್ತೊಂದು ವರ್ಷ ಟಿಕೆಟ್ ಹರಿದವನು. ಮಷಿನ್ ಬರುವ ಮೊದಲು ಟಿಕೆಟಿಗೆ ಪಂಚಿನಿಂದ ತೂತು ಹೊಡೆಯಬೇಕಿತ್ತು. ಎಂಥ ಗದ್ದಲದಲ್ಲೂ ನನ್ನ ತೂತು ಸ್ಟೇಜ್ ನಂಬರಿನ ನೆತ್ತಿಯ ಮೇಲೇ ಬೀಳುತ್ತಿತ್ತು. ಚೆಕಿಂಗಿನವರು ಅವರ್ಸಾದಲ್ಲಿ ಹತ್ತಲಿ, ಚೆಂಡಿಯಾದಲ್ಲಿ ಹತ್ತಲಿ, ನನ್ನ ಬಸ್ಸಿನಲ್ಲಿ ಅವರಿಗೆ ಒಂದು ತಪ್ಪು ಸಿಕ್ಕಿದ್ದಿಲ್ಲ. ಈಗಲೂ ನನ್ನ ಚರ್ಮದ ಚೀಲ, ಅದರ ಬಾರಿಗೆ ಕಟ್ಟಿದ ಸೀಟಿ ಸಮೇತ, ನಡುಮನೆಯ ಮೊಳೆಯಲ್ಲಿ ನೇತಾಡುತ್ತಿದೆ. (ಬಂದವರೆಲ್ಲ ನೋಡಲಿ ಎಂದು ಅಲ್ಲಿ ಹಾಕಿದ್ದಲ್ಲ. ಬಂದವರಿಗೆ ಕಾಣುವ ಮೊಳೆ ಅದೊಂದೇ.)

ಹೊರಗೆ ಹೀಗೆ ಬೀಗುತ್ತಿದ್ದರೂ ಒಳಗೆ ನನಗೆ ಹೆದರಿಕೆಯಾಗಿತ್ತು. ಕಾರಣ ನನ್ನ ಅಣ್ಣ ಸೋಮು. ಅವನಿಗೂ ಇದೇ ಕಾಯಿಲೆ. ಮೊದಲು ಗುಳಿಗೆ ನುಂಗುತ್ತಿದ್ದ, ಆಮೇಲೆ ಇನ್ಸುಲಿನ್ ಸೂಜಿ ಶುರುವಾಯಿತು, ಸೂಜಿ ಶುರುವಾದ ವರ್ಷದಲ್ಲೇ ಬಲಗಾಲಿನ ಎರಡು ಬೆರಳು ತೆಗೆದರು. ಹಾಗಾಗಿ ನನ್ನ ಲೆಕ್ಕದಲ್ಲಿ ಸೂಜಿ ಎಂದರೆ ಬೆರಳು ಇಳಿಯುವ ಹಿಂದಿನ ಸ್ಟಾಪು.

ಕಾರವಾರದ ಡಾಕ್ಟರಮ್ಮ ವಿಜಯಪುರದ ಕಡೆಯವರು, ನಮ್ಮ ಮಗಳ ವಯಸ್ಸು. ಕಾಗದ ನೋಡಿ ಅವರು ಹೇಳಿದರು: "ಮೂರು ತಿಂಗಳದ ಸರಾಸರಿ ಒಂಬತ್ತೂವರಿ ಐತ್ರಿ. ಇದು ಇಳೀಬೇಕು. ಗುಳಿಗಿ ತಪ್ಪಿಸಬ್ಯಾಡ್ರಿ, ದಿನಾ ನಡೀರಿ, ಅನ್ನಾ ಬಿಡ್ರಿ. ಮೂರು ತಿಂಗಳ ಬಿಟ್ಟು ಮತ್ತ ನೋಡೂಣು. ಇಳೀಲಿಲ್ಲಂದ್ರ ಸೂಜಿ ಚಾಲೂ ಮಾಡಬೇಕಾಗ್ತದ."

ಇಷ್ಟರಲ್ಲಿ ನನ್ನ ಕಿವಿಗೆ ಬಿದ್ದದ್ದು ಎರಡೇ ಮಾತು, ಅನ್ನ ಮತ್ತು ಸೂಜಿ. ವಾಪಸ್ ಬರುವ ಬಸ್ಸು ಅಮದಳ್ಳಿ ದಾಟುವ ಹೊತ್ತಿಗೆ ನಾನು ತೀರ್ಮಾನ ಮಾಡಿಯಾಗಿತ್ತು. ಮನೆಗೆ ಬಂದವನೇ ಅಂಗಳದಲ್ಲಿ, ತುಳಸಿಕಟ್ಟೆಯ ಎದುರು, ಹೆಂಡತಿ ಯಶೋದಾಳನ್ನು ನಿಲ್ಲಿಸಿಕೊಂಡು ಘನಘೋರ ಪ್ರತಿಜ್ಞೆ ಮಾಡಿದೆ. ಇನ್ನು ಮೂರು ತಿಂಗಳು ಈ ಜಗದೀಶ ಅನ್ನದ ಒಂದು ಅಗುಳನ್ನೂ ಮುಟ್ಟುವುದಿಲ್ಲ.

ನೀವು ನಮ್ಮ ಕಡೆಯವರಾಗಿದ್ದರೆ ಇದರ ತೂಕ ನಿಮಗೆ ಗೊತ್ತಾಗುತ್ತದೆ. ಒಂದು ಗಂಟೆಗೆ ಬಂಗಡೆ ಸಾರು ಕುದಿಯುತ್ತಿರುತ್ತದೆ. ಬಟ್ಟಲಿನ ನಡುವೆ ಕುಚ್ಚಲಕ್ಕಿ ಅನ್ನದ ಗುಡ್ಡ ಮಾಡಿ, ನೆತ್ತಿಯಲ್ಲಿ ಕುಳಿ ತೆಗೆದು, ಸಾರು ಹೊಯ್ದು, ಮೊದಲ ತುತ್ತು ಬಾಯಿಗಿಟ್ಟಾಗಲೇ ಮನುಷ್ಯನಿಗೆ ತಾನು ಬದುಕಿದ್ದೇನೆ ಅನ್ನಿಸುವುದು. ಆ ಗುಡ್ಡವನ್ನೇ ನಾನು ಬಿಟ್ಟೆ. ಪಕ್ಕದಲ್ಲಿ ಕೂತು ಯಶೋದಾ ಉಣ್ಣುತ್ತಿದ್ದರೆ ನಾನು ಚಪಾತಿ ಹರಿಯುತ್ತಿದ್ದೆ. ಮೊದಲ ದಿನ ಕಣ್ಣಲ್ಲಿ ನೀರು ಬಂತು. ಮೆಣಸಿನ ಖಾರ ಎಂದೆ. ಅವಳು ನಂಬಲಿಲ್ಲ.

ಅನ್ನ ಹೋದ ಮೇಲೆ ಹೊಟ್ಟೆಗೆ ಬೇರೆ ಆಧಾರ ಬೇಕಲ್ಲ. ಬೆಳಿಗ್ಗೆ ನಾಲ್ಕು ದೋಸೆ. (ಮೊದಲು ಆರು ತಿನ್ನುತ್ತಿದ್ದೆ. ತ್ಯಾಗ ಗಮನಿಸಿ.) ಹತ್ತು ಗಂಟೆಗೆ ಮಾಮೂಲಿ ಗಂಜಿ, ಜೊತೆಗೆ ಒಣ ಶೆಟ್ಲಿಯ, ಅಂದರೆ ಸಿಗಡಿಯ, ಚಟ್ನಿ. ಮಧ್ಯಾಹ್ನ ಎರಡು ಚಪಾತಿ. ಮೀನು ಸಾರು ಬಟ್ಟಲಿನಲ್ಲಿ ಉಳಿದರೆ ದಂಡವಾಗಬಾರದೆಂದು ಒರೆಸಿಕೊಳ್ಳಲು ಒಂದೆರಡು ಅಕ್ಕಿ ರೊಟ್ಟಿ. ಸಂಜೆ ಚಹಾದ ಜೊತೆ ಒಂದು ಮುಷ್ಟಿ ಅವಲಕ್ಕಿ, ಚಹಾಕ್ಕೆ ಸಕ್ಕರೆ ಇಲ್ಲ. ರಾತ್ರಿ ಹಗುರವಾಗಿ ಶಾವಿಗೆ, ಇಲ್ಲವಾದರೆ ಹಲಸಿನೆಲೆಯಲ್ಲಿ ಬೇಯಿಸಿದ ಕೊಟ್ಟೆ ರೊಟ್ಟಿ. ಅನ್ನ ಮಾತ್ರ ಇಲ್ಲವೇ ಇಲ್ಲ.

ಒಂದು ದಿನ ಹತ್ತು ಗಂಟೆಗೆ ಗಂಜಿ ಬಡಿಸುತ್ತಾ ಯಶೋದಾ ಸೌಟನ್ನು ಅರ್ಧಕ್ಕೇ ನಿಲ್ಲಿಸಿದಳು.

"ಈ ಗಂಜಿನೂ ಅಕ್ಕಿದೇ ಅಲ್ರಾ?"

ನನಗೆ ನಗು ಬಂತು. ಗಂಜಿ ಅಂದರೆ ಏನು, ರೋಗಿಗಳ ಆಹಾರ. ನಿನ್ನ ಹಿಲ್ಲೂರಿನಲ್ಲಿ ಜ್ವರ ಬಂದವರಿಗೆ ಏನು ಕೊಡುತ್ತಾರೆ, ಗಂಜಿ. ಹೆತ್ತ ಹೆಂಗಸಿಗೆ, ಹೊಟ್ಟೆ ಕೆಟ್ಟವನಿಗೆ, ಆಸ್ಪತ್ರೆಯಿಂದ ಬಂದವನಿಗೆ? ಗಂಜಿ. ಕಾಯಿಲೆಯವನಿಗೆ ಕಾಯಿಲೆ ಹೆಚ್ಚು ಮಾಡುವುದನ್ನು ಯಾರಾದರೂ ಕೊಡುತ್ತಾರೆಯೇ? ಹೀಗೆ ಕಾಲು ಗಂಟೆ ವಿವರಿಸಿದೆ. ಅವಳು ಕೊನೆಯವರೆಗೆ ಕೇಳಿದಳು. ಆಮೇಲೆ, "ನಿಮ್ಮತ್ರ ಮಾತಾಡುದು ಒಂದೇ, ಕಂಡಕ್ಟರಿಗೇ ಟಿಕೆಟ್ ತೋರ್ಸು ಅನ್ನುದೂ ಒಂದೇ" ಎಂದು ಸೌಟು ತುಂಬ ಬಡಿಸಿ ಒಳಗೆ ಹೋದಳು.

ನಡಿಗೆಯನ್ನೂ ಬಿಡಲಿಲ್ಲ. ದಿನಾ ಬೆಳಿಗ್ಗೆ ಆರಕ್ಕೆ ಹೊರಟರೆ ಮನೆಗೆ ಬರುವಾಗ ಎಂಟೂವರೆ. ದೂರ ಅಷ್ಟೇನಿಲ್ಲ, ಒಂದೂವರೆ ಕಿಲೋಮೀಟರು. ಆದರೆ ಪ್ರತಿಯೊಂದು ಮನೆಯ ಬೇಲಿಯ ದಣಪೆಯ ಹತ್ತಿರವೂ ನಿಂತು ಅನ್ನತ್ಯಾಗದ ವಿಷಯ ತಿಳಿಸುವುದು ನನ್ನ ಕರ್ತವ್ಯವಾಗಿತ್ತು. "ಅನ್ನ ಬಿಟ್ಟು ಹ್ಯಾಂಗೆ ಬದುಕ್ತ್ರಿ ಮಾರಾಯ್ರೆ" ಎಂದು ಜನ ಮರುಗುತ್ತಿದ್ದರು. ಮರುಗಿ, ಒಳಗೆ ಕರೆದು, ಕೂರಿಸಿ, ಪಾಪ ಅನ್ನ ತಿನ್ನದ ಮನುಷ್ಯ ಎಂದು ಒಂದು ತಟ್ಟೆ ಒಗ್ಗರಣೆ ಅವಲಕ್ಕಿ ಕೊಡುತ್ತಿದ್ದರು.

ಬೆರಳು ಚುಚ್ಚಿ ನೋಡುವ ಪುಟ್ಟ ಮಷಿನ್ ಕೂಡ ತಂದಿದ್ದೆ. ಅದು ದಿನಕ್ಕೊಂದು ಸುಳ್ಳು ಹೇಳುತ್ತಿತ್ತು: ಇನ್ನೂರಾ ಹತ್ತು, ಇನ್ನೂರಾ ಮೂವತ್ತು. ಹಿಂದಿನ ದಿನ ಹೊಟ್ಟೆ ಕೆಟ್ಟು ಏನೂ ತಿನ್ನದೆ ಮಲಗಿದ್ದ ಒಂದು ಬೆಳಿಗ್ಗೆ ಮಾತ್ರ ನೂರಾ ಮೂವತ್ತೆಂಟು ತೋರಿಸಿತು. ಕೊನೆಗೂ ಮಷಿನಿಗೆ ಬುದ್ಧಿ ಬಂತು ಎಂದುಕೊಂಡು ಅದನ್ನು ಡಬ್ಬಿಯಲ್ಲಿಟ್ಟು ಮುಚ್ಚಿದೆ. ಗೆದ್ದ ಮೇಲೂ ಆಡುತ್ತಾ ಕೂರುವವನು ಮೂರ್ಖ. ನೂರಾ ಮೂವತ್ತೆಂಟರ ಸುದ್ದಿಯನ್ನು ಮೀನು ಮಾರುವ ಮಾದೇವಿಗೆ ಹೇಳಿದೆ. ಅವಳ ಬುಟ್ಟಿಯ ಜೊತೆ ಅದು ಮಧ್ಯಾಹ್ನದೊಳಗೆ ಇಡೀ ಊರು ಸುತ್ತಿತು.

ಹಾಗೆ ಸುತ್ತಿದ ಸುದ್ದಿ ಡ್ರೈವರ್ ರಾಮಾನ ಕಿವಿಗೂ ಬಿತ್ತು. ಹನ್ನೆರಡು ವರ್ಷ ನನ್ನ ಬಸ್ಸು ಓಡಿಸಿದವನು, ಈಗ ಅಂಕೋಲಾದ ನಮ್ಮ ನಿವೃತ್ತರ ಸಂಘಕ್ಕೆ ಕಾರ್ಯದರ್ಶಿ. ನವೆಂಬರಿನಲ್ಲಿ ಸಂಘದಿಂದ ಶುಗರ್ ತಪಾಸಣೆ, ಮುಖ್ಯ ಅತಿಥಿ ಅದೇ ಡಾಕ್ಟರಮ್ಮ, ಅವರ ಎದುರಿನಲ್ಲೇ ನಿನಗೆ ಸನ್ಮಾನ ಎಂದ. ನನ್ನ ಮೂರು ತಿಂಗಳೂ ಅದೇ ವಾರ ಮುಗಿಯುತ್ತಿತ್ತು. ನಾಲ್ಕು ದಿನ ಮೊದಲೇ ಕಾರವಾರಕ್ಕೆ ಹೋಗಿ ರಕ್ತ ಕೊಟ್ಟು, ರಿಪೋರ್ಟನ್ನು ಸಭೆಗೇ ತನ್ನಿ ಎಂದು ಡಾಕ್ಟರಮ್ಮನಿಗೆ ನಾನೇ ಹೇಳಿ ಬಂದೆ.

ಸಭೆಯಲ್ಲಿ ನಲವತ್ತು ಜನ ಇದ್ದರು. ಜಟ್ಟು ಆಮಂತ್ರಣವಿಲ್ಲದೆ ಬಂದು ಕೊನೆಯ ಸಾಲಿನಲ್ಲಿ ಕೂತಿದ್ದ. ನನಗೆ ಶಾಲು ಹೊದಿಸಿದರು, ತಲೆಗೆ ಪೇಟ ಇಟ್ಟರು, ಒಂದು ಚಿಪ್ಪು ಬಾಳೆಹಣ್ಣು ಕೊಟ್ಟರು. ಹೆಂಗಸರ ಸಾಲಿನಲ್ಲಿದ್ದ ಯಶೋದಾ ಸೆರಗು ಸರಿಮಾಡಿಕೊಂಡು ಅತ್ತಿತ್ತ ನೋಡಿದಳು. ಮದುವೆಯ ದಿನ ನನ್ನ ಪಕ್ಕದಲ್ಲಿ ನಿಂತಾಗಲೂ ಅವಳ ಮುಖದಲ್ಲಿ ಅಷ್ಟು ಹೆಮ್ಮೆ ಇರಲಿಲ್ಲ.

ಡಾಕ್ಟರಮ್ಮ ಲಕೋಟೆ ಒಡೆದು ಕಾಗದ ನೋಡಿದರು. ಮತ್ತೆ ನೋಡಿದರು. ನನ್ನ ಕಡೆ ಬಗ್ಗಿ, "ಜಗದೀಶ ಅವರ, ಇದನ್ನ ಆಮ್ಯಾಲೆ ಇಬ್ಬರ ಕೂತು ಮಾತಾಡೂಣ್ರಿ" ಎಂದು ಮೆಲ್ಲಗೆ ಹೇಳಿದರು.

ಅಲ್ಲಿಗೆ ನಾನು ಸುಮ್ಮನಿರಬೇಕಿತ್ತು. ಆದರೆ ಪೇಟ ತಲೆಯ ಮೇಲಿತ್ತು. ಮೈಕು ಕೈಗೆ ತೆಗೆದುಕೊಂಡು, ಮೂವತ್ತೊಂದು ವರ್ಷ ಚೆಕಿಂಗಿನವರಿಗೆ ಹೆದರದವನು ಈಗ ಹೆದರುತ್ತೇನೆಯೇ, ಎಲ್ಲರೆದುರೇ ಓದಿ ಎಂದು ಹಟ ಹಿಡಿದೆ. ಬೇಡ ಎಂದರು. ಓದಲೇಬೇಕು ಎಂದೆ.

ಓದಿದರು. ಒಂಬತ್ತೂವರೆ ಇದ್ದದ್ದು ಹತ್ತು ದಾಟಿತ್ತು.

ಕೊನೆಯ ಸಾಲಿನಲ್ಲಿ ಜಟ್ಟು ಚಪ್ಪಾಳೆ ತಟ್ಟಿದ. ನಂಬರು ಏರಿದ್ದೇ ಗೆಲುವು ಎಂದುಕೊಂಡನೋ, ಬೇಕೆಂದೇ ತಟ್ಟಿದನೋ, ಇಂದಿಗೂ ಬಾಯಿ ಬಿಟ್ಟಿಲ್ಲ.

ಲ್ಯಾಬಿನವರು ಬಾಟಲಿ ಅದಲುಬದಲು ಮಾಡಿರಬೇಕು ಎಂದೆ. ಡಾಕ್ಟರಮ್ಮ, ದಿನಾ ಏನೇನು ತಿನ್ನುತ್ತೀರಿ ಎಂದು ಕೇಳಿದರು. ಮೈಕು ನನ್ನ ಕೈಯಲ್ಲೇ ಇತ್ತು. ದೋಸೆಯಿಂದ ಹಿಡಿದು ಕೊಟ್ಟೆ ರೊಟ್ಟಿಯವರೆಗೆ ಒಂದೂ ಬಿಡದೆ ಹೇಳಿದೆ. ಒಂದೊಂದಕ್ಕೂ ಸಭೆ ತಲೆದೂಗಿತು. ನಲವತ್ತು ಜನರಲ್ಲಿ ಒಬ್ಬರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ರಾಮಾ ಎದ್ದು ನಿಂತು ನನ್ನ ಪರ ಸಾಕ್ಷಿಯನ್ನೂ ಹೇಳಿದ: "ಮೇಡಂ, ಇವ ಅನ್ನ ಮುಟ್ಟಲಿಲ್ಲ. ಅದಕ್ಕೆ ಇಡೀ ಭಾವಿಕೇರಿ ಸಾಕ್ಷಿ ಅದೆ."

ಡಾಕ್ಟರಮ್ಮ ಹಣೆಗೆ ಕೈ ಹಚ್ಚಿ ಕೂತರು. "ನಮ್ಮ ಊರಾಗ ಅಕ್ಕಿ ಅಂದ್ರ ಅನ್ನಾ ಒಂದ ರೀ. ನೀವು ಅದನ್ನ ಇಷ್ಟು ನಮೂನಿ ತಿಂತೀರಂತ ನನಗ ಹೊಳೀಲಿಲ್ಲ. ದೋಸಿ ಅಕ್ಕಿ, ಗಂಜಿ ಅಕ್ಕಿ, ರೊಟ್ಟಿ ಅಕ್ಕಿ, ಅವಲಕ್ಕಿ ಅಕ್ಕಿ, ಶಾವಿಗಿನೂ ಅಕ್ಕಿ. ದಿನದಾಗ ಐದು ಸಲ ಅಕ್ಕಿ ತಿಂದೀರಿ. ಬರೋಬ್ಬರಿ ಅಂದ್ರ ಆ ಎರಡು ಚಪಾತಿ ಅಷ್ಟ."

ಆಗ ಯಶೋದಾ ಎದ್ದು ನಿಂತಳು. ಸತ್ಯ ಹೇಳದಿದ್ದರೆ ಅವಳಿಗೆ ನಿದ್ದೆ ಬರುವುದಿಲ್ಲ, ಅದು ಅವಳ ತವರಿನ ದೋಷ.

"ಚಪಾತಿಗೂ ಅರ್ಧಕ್ಕರ್ಧ ಅಕ್ಕಿ ಹಿಟ್ಟು ಹಾಕ್ತಿದ್ದೆ ಮೇಡಂ. ಬರೀ ಗೋಧಿದು ಇವರ ಗಂಟಲಲ್ಲಿ ಇಳೀತಿರ್ಲಿಲ್ಲ."

ಸಭೆ ನಗುತ್ತದೆ ಎಂದು ಕಾದೆ. ಯಾರೂ ನಗಲಿಲ್ಲ. ಎಲ್ಲರೂ ತಮ್ಮ ತಮ್ಮ ಬೆಳಗಿನಿಂದ ರಾತ್ರಿಯವರೆಗಿನ ಲೆಕ್ಕ ಹಾಕುತ್ತಿದ್ದರು. ಕೊನೆಗೆ ರಾಮಾ, ಸತ್ತ ಸುದ್ದಿ ಕೇಳಿದವನ ಧ್ವನಿಯಲ್ಲಿ, "ಗಂಜಿನೂ ಹೌದಾ ಮೇಡಂ?" ಎಂದು ಕೇಳಿದ. ಹೌದು ಎಂದರು. ಆಮೇಲೆ ನಕ್ಕರು ನೋಡಿ, ಪೇಟದೊಳಗೆ ನನ್ನ ತಲೆ ಬೆವರಿತು. ಶಾಲು ವಾಪಸ್ ಕೊಡಲು ಹೋದೆ. ಸಂಘದ ಇತಿಹಾಸದಲ್ಲಿ ಸನ್ಮಾನ ವಾಪಸ್ ತಗೊಂಡ ಪದ್ಧತಿಯಿಲ್ಲ ಎಂದು ರಾಮಾ ಒಪ್ಪಲಿಲ್ಲ.

ರಿಕ್ಷಾದಲ್ಲಿ ಭಾವಿಕೇರಿಗೆ ಬಂದೆವು. ಮನೆಯ ಮೆಟ್ಟಿಲ ಮೇಲೆ ಕೂತು ಚಪ್ಪಲಿ ಕಳಚಿದಾಗ ಕಾಲಿನ ಹತ್ತು ಬೆರಳೂ ಕಂಡವು. ಇನ್ನು ತಡೆಯಲಾಗಲಿಲ್ಲ. ಸೂಜಿ ಬಂತು, ಇನ್ನು ಸೋಮಣ್ಣನ ಹಾಗೆ ನನ್ನ ಬೆರಳೂ ಹೋಗುತ್ತವೆ ಎಂದುಬಿಟ್ಟೆ. ನನಗೆ ಹೆದರಿಕೆ ಎಂದು ಅವಳ ಎದುರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಯಶೋದಾ ಪಕ್ಕದಲ್ಲಿ ಕೂತಳು. "ಸೋಮು ಭಾವನ ಬೆರಳು ಹೋಗಿದ್ದು ಸೂಜಿ ತಗೊಂಡು ಅಲ್ಲ. ಡಾಕ್ಟ್ರು ಹೇಳಿದ ಮೇಲೂ ಎರಡು ವರ್ಷ ತಗೊಳ್ಳದೆ ಮುಚ್ಚಿಟ್ರಲ್ಲ, ಅದಕ್ಕೆ. ಅವರಿಗೂ ನಿಮ್ಮಂಗೇ ಭಾರೀ ಮರ್ಯಾದೆ ಇತ್ತು."

ಮರುದಿನವೇ ಕಾರವಾರಕ್ಕೆ ಹೋದೆವು.

ಈಗ ಸೂಜಿ ಶುರುವಾಗಿ ಎರಡು ತಿಂಗಳು. ಚುಚ್ಚುವವಳು ಯಶೋದಾ. ನರ್ಸು ಒಮ್ಮೆ ತೋರಿಸಿದ್ದಕ್ಕೇ ಕಲಿತುಬಿಟ್ಟಳು. ಮಷಿನ್ ಬರುವವರೆಗೆ ಇಪ್ಪತ್ತು ವರ್ಷ ಊರವರ ಟಿಕೆಟಿಗೆ ತೂತು ಹೊಡೆದ ನನ್ನ ಹೊಟ್ಟೆಗೆ ಈಗ ಅವಳು ತೂತು ಹೊಡೆಯುತ್ತಾಳೆ, ಅದೂ ನನಗಿಂತ ಚೊಕ್ಕವಾಗಿ. ಅಕ್ಕಿಯದ್ದು ಏನೇ ಇದ್ದರೂ ಅಂಗೈಯಗಲದ ಬಟ್ಟಲಲ್ಲಿ ಅಳೆದೇ ಬರುತ್ತದೆ. ಮಧ್ಯಾಹ್ನಕ್ಕೆ ಅನ್ನವೂ ಬಂದಿದೆ. ಗುಡ್ಡ ಹೋಗಿ ದಿಬ್ಬವಾಗಿದೆ, ಆದರೆ ಬಂದಿದೆ. ಶುಗರ್ ಇಳಿಯುತ್ತಿದೆ, ಮಷಿನ್ ದಿನಾ ನಿಜ ಹೇಳುತ್ತಿದೆ. ಒಂದು ಮಾತು ಮಾತ್ರ ಎಲ್ಲರಿಗೂ ಗೊತ್ತಿರಲಿ, ನಮ್ಮ ಸಂಘದಲ್ಲಿ ಸೂಜಿಯವರೆಗೆ ಮುಟ್ಟಿದವನು ನಾನೊಬ್ಬನೇ. ಜಟ್ಟು ಇನ್ನೂ ಗುಳಿಗೆಯಲ್ಲೇ ಇದ್ದಾನೆ.

ಈ ವಿಷಯವನ್ನು ಊರಿಗೆ ತಿಳಿಸಬೇಕಲ್ಲ. ಮೊನ್ನೆ ಬೆಳಿಗ್ಗೆ ನಡಿಗೆಗೆ ಹೊರಟವನು ಮಾದೇವಿಯ ಮನೆಯ ಎದುರು ಕಾಲು ನಿಧಾನ ಮಾಡಿದೆ. ದಣಪೆಗೆ ಕೈಯಿಟ್ಟು ಗಂಟಲು ಸರಿಮಾಡಿಕೊಂಡೆ. ಒಳಗೆ ಅವಲಕ್ಕಿಯ ಒಗ್ಗರಣೆ ಚಟಪಟ ಎನ್ನುತ್ತಿತ್ತು.

ಹಿಂದಿನಿಂದ ಎರಡು ಸಲ ಸೀಟಿ ಕೇಳಿಸಿತು. ತಿರುಗಿ ನೋಡಿದರೆ ಇಪ್ಪತ್ತು ಮಾರು ಹಿಂದೆ ಯಶೋದಾ, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ನನ್ನದೇ ಸೀಟಿ ಬಾಯಲ್ಲಿಟ್ಟುಕೊಂಡು ನಿಂತಿದ್ದಾಳೆ. ಒಂದು ಸೀಟಿಗೆ ನಿಲ್ಲಬೇಕು, ಎರಡು ಸೀಟಿಗೆ ಹೊರಡಬೇಕು, ಇದನ್ನು ನಾನು ಯಾರಿಂದಲೂ ಕಲಿಯಬೇಕಾಗಿಲ್ಲ.

ಹೊರಟೆ.