ಜಾಮೀನಿಲ್ಲದ ಫೋನು

ನನ್ನನ್ನು ಅನುಮಾನದ ಪಿಶಾಚಿ ಎನ್ನುವವರು ನಾರಾಯಣಪೇಟೆಯಲ್ಲಿ ಬಹಳ ಜನ ಇದ್ದಾರೆ. (ಅವರಿಗೆಲ್ಲ ಹೇಳಿಕೊಟ್ಟವಳು ನನ್ನ ಹೆಂಡತಿ ಪೆಂಟಮ್ಮ ಎಂಬ ಅನುಮಾನ ನನಗಿದೆ.) ತಹಸೀಲ್ ಕಚೇರಿಯಲ್ಲಿ ಜಾಮೀನು ಕಾಗದಗಳನ್ನು ತಪಾಸಣೆ ಮಾಡುತ್ತಲೇ ತಲೆ ಹಣ್ಣಾದವನು ನಾನು. ಜಾಮೀನಿಲ್ಲದವರನ್ನು ನಂಬು ಎಂದರೆ ಹೇಗೆ ನಂಬಲಿ?

ಮೊನ್ನೆ ಮುಂಜಾನೆ ಫೋನಿನ ಭದ್ರತಾ ಕೋಡು ಬದಲಿಸಲು ಕೂತಿದ್ದೆ. (ಆಗಾಗ ಬದಲಿಸುತ್ತೇನೆ, ಪೆಂಟಮ್ಮ ಹೇಗೋ ಸಂಜೆಯೊಳಗೆ ಕಂಡುಹಿಡಿಯುತ್ತಾಳೆ.) ಆಗ ಸೆಟ್ಟಿಂಗ್ಸ್ ಒಳಗೆ ‘ನಂಬಿಕಸ್ಥ ಪ್ರಮಾಣಪತ್ರಗಳು’ ಎಂಬ ಉದ್ದನೆಯ ಪಟ್ಟಿ ಸಿಕ್ಕಿತು. ಎಲ್ಲಾ ಪರದೇಶದ ಹೆಸರುಗಳು. ಇವರು ಜಾಮೀನು ನಿಂತರೆ ಫೋನು ಯಾವ ಆ್ಯಪನ್ನಾದರೂ ನಂಬುತ್ತದಂತೆ. ನನ್ನನ್ನು ಒಂದು ಮಾತೂ ಕೇಳದೆ ನನ್ನ ಫೋನು ಅವರನ್ನೆಲ್ಲ ನಂಬಿ ಕೂತಿತ್ತು. ಒಂದನ್ನು ಒತ್ತಿ ನೋಡಿದೆ. ಪ್ರಮಾಣಪತ್ರ ಯಾರಿಗೆ ಎಂಬಲ್ಲಿ ಒಂದು ಹೆಸರು. ಕೊಟ್ಟವರು ಯಾರು ಎಂಬಲ್ಲೂ ಅದೇ ಹೆಸರು.

“ಪೆಂಟಮ್ಮ, ಇಲ್ಲಿ ನೋಡು. ತಮಗ ತಾವೇ ಜಾಮೀನು ನಿಂತಾರ.”

ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತಿದ್ದವಳು ಕತ್ತೆತ್ತಲಿಲ್ಲ. “ನಿಂತ್ರ ನಿಂತ್ಕೊಳ್ಳಲಿ ಬಿಡ್ರಿ. ನಿಮ್ಮನ್ನೇನು ಕುರ್ಚಿ ಕೇಳ್ಯಾರೇನು?”

“ಇಂಥವರ್ನ ನಮ್ಮ ಕಚೇರ್ಯಾಗ ಹೊಸ್ತಿಲ ದಾಟಾಕ ಬಿಡ್ತಿರಲಿಲ್ಲ” ಎಂದು ಒಬ್ಬೊಬ್ಬರನ್ನೇ ಬಂದ್ ಮಾಡುತ್ತ ಹೋದೆ. ಊಟದ ಹೊತ್ತಿಗೆ ನನ್ನ ಫೋನು ಜಗತ್ತಿನಲ್ಲಿ ಯಾರನ್ನೂ ನಂಬದಂತಾಯಿತು. ಬಹಳ ಸಮಾಧಾನವಾಯಿತು.

ಆ ಕುಚ್ಚಿನ ಸೀರೆ ಕೈಮಗ್ಗದ ಸ್ಪರ್ಧೆಯದು. ಪೆಂಟಮ್ಮ ತಿಂಗಳುಗಟ್ಟಲೆ ಮಗ್ಗದಲ್ಲಿ ಬೆನ್ನು ಬಗ್ಗಿಸಿ ನೇಯ್ದದ್ದು. ಫೋಟೋ ಕಳಿಸಲು ಅಂದು ಸಂಜೆ ಐದು ಗಂಟೆಯೇ ಕೊನೆ. ಅವಳದು ಗುಂಡಿ ಒತ್ತುವ ಫೋನು. ಸ್ಪರ್ಧೆಯವರಿಗೆ ನನ್ನ ನಂಬರನ್ನೇ ಕೊಡಿಸಿದ್ದೆ. ನಾಲ್ಕು ಗಂಟೆಗೆ ಫೋಟೋ ಹೊಡೆದು ಅವರ ಆ್ಯಪ್ ತೆರೆದರೆ, ಈ ಸಂಪರ್ಕ ಸುರಕ್ಷಿತವಲ್ಲ ಎಂದು ಬಂತು.

“ನೋಡಿದಿ? ಅವರೂ ಕಳ್ಳರ.”

“ಮುಂಜಾನಿ ಎಲ್ಲಾರ್ನೂ ಬಂದ್ ಮಾಡೀರಲ್ಲ, ಅದಕ್ಕ ಹಿಂಗಾಗೈತಿ. ಚಾಲೂ ಮಾಡ್ರಿ.”

“ಮಾಡ್ತೀನಿ. ಒಬ್ಬೊಬ್ಬರದು ವಿಚಾರಣಿ ಆಗಲಿ.”

ಅವಳ ಕಣ್ಣು ತುಂಬಿ ಬಂದವು. “ಇದೊಂದು ಸೀರಿಗೆ ನನ್ನ ಹೆಸರು ಬರ್ತದಂತ ಆಸೆ ಇಟ್ಕೊಂಡೀನ್ರಿ” ಎಂದಳು. ಪಾಪ ಅನ್ನಿಸಿದ್ದು ನಿಜ. ಆದರೂ ಕಣ್ಣೀರು ಕಂಡು ವಿಚಾರಣೆ ಬಿಟ್ಟರೆ ಹೇಗೆ? ಅವಳು ಸೀರೆಯನ್ನು ಹೆಗಲಿಗೆ ಹಾಕಿಕೊಂಡು ಪಕ್ಕದ ಮನೆಯ ಝಾನ್ಸಿಯ ಹತ್ತಿರ ಹೊರಟೇಹೋದಳು.

ಸ್ವಲ್ಪ ಹೊತ್ತಿಗೆ ಯಾವುದೋ ಗುರುತಿಲ್ಲದ ನಂಬರಿನಿಂದ ಫೋನು ಬಂತು.

“ನಾನ್ರಿ, ಪೆಂಟಮ್ಮ. ಝಾನ್ಸಿ ಫೋನಿನ್ಯಾಗ ಆ್ಯಪ್ ತೆಗದೀವಿ. ನಿಮಗೊಂದು ಓಟಿಪಿ ಬಂದೈತಿ, ಹೇಳ್ರಿ ಲಗೂನ.”

ಬಂದಿತ್ತು. ಕೆಳಗೆ, ಯಾರಿಗೂ ಹೇಳಬೇಡಿ ಎಂದೂ ಬರೆದಿತ್ತು. ಈಗಿನ ಕಳ್ಳರು ಹೆಂಡತಿಯ ದನಿಯನ್ನೂ ಮಾಡುತ್ತಾರಂತೆ.

“ನೀ ಪೆಂಟಮ್ಮ ಅನ್ನಾಕ ಪುರಾವೆ ಏನು?”

“ಹೆಣ್ಣು ನೋಡಾಕ ಬಂದಾಗ ನಾ ಕೊಟ್ಟ ಉಪ್ಪಿಟ್ಟು ಮೂಸಿ ನೋಡಿ ತಿಂದಿದ್ರಿ.”

“ಅದು ಬೀಗರಿಗೆಲ್ಲ ಗೊತ್ತೈತಿ.”

“ಗುಡಿಗೆ ಹೋದ್ರ ಒಂದು ಚಪ್ಪಲಿ ಈ ಕಡೆ, ಒಂದು ಆ ಕಡೆ ಬಿಡ್ತೀರಿ.”

“ಅದು ಊರಿಗೆಲ್ಲ ಗೊತ್ತೈತಿ.”

“ಜಿರಳಿ ಕಂಡ್ರ ಮಂಚದ ಮ್ಯಾಲೆ ಹತ್ತಿ ನಿಂತು, ‘ಪೆಂಟಮ್ಮ, ಬಾರವ್ವ’ ಅಂತ ಅಳ್ತೀರಿ.”

ಓಟಿಪಿಯನ್ನು ಒಂದೇ ಉಸಿರಿಗೆ ಹೇಳಿಬಿಟ್ಟೆ. ಆ ಕಡೆಯಿಂದ ಏಳೆಂಟು ಹೆಂಗಸರ ನಗು ಕೇಳಿಸಿತು. ಓಣಿಯ ನೇಕಾರರ ಹೆಂಗಸರೆಲ್ಲ ಸೀರೆ ನೋಡಲು ಅಲ್ಲಿ ಸೇರಿದ್ದರು. ಝಾನ್ಸಿ ಫೋನಿನ ಸ್ಪೀಕರ್ ಹಾಕಿದ್ದಳು.

ಫೋಟೋ ಐದರೊಳಗೆ ಹೋಯಿತಂತೆ. ಇದ್ದಬದ್ದ ಮಾನ ಉಳಿಸಿಕೊಳ್ಳೋಣವೆಂದು, ಅಂಗಡಿಗೆ ಹೋಗಿ ಪೆಂಟಮ್ಮನಿಗೆ ಇಷ್ಟವಾದ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದೆ. ಅಷ್ಟರಲ್ಲಿ ಅವಳು ಮನೆಗೆ ಬಂದು ಒಳಗಿನಿಂದ ಚಿಲಕ ಹಾಕಿಕೊಂಡಿದ್ದಳು. ಬಾಗಿಲು ತಟ್ಟಿದೆ.

“ಯಾರು?”

“ನಾನು, ಭೀಮಶಂಕರ.”

“ಜಾಮೀನು ಯಾರು?”

ಹಿಂದೆ ತಿರುಗಿ ನೋಡಿದೆ. ಎದುರು ಕಟ್ಟೆಯ ಮೇಲೆ ಗೆಳೆಯ ಆದೆಪ್ಪ ಕೂತಿದ್ದ. ಅವನು ಮೆಲ್ಲಗೆ ಎದ್ದು ಒಳಗೆ ಹೋಗಿಬಿಟ್ಟ.

“ನನಗ ನಾನೇ” ಎಂದೆ.

“ಅಂಥವರ್ನ ಮುಂಜಾನಿನೇ ಬಂದ್ ಮಾಡೀರಲ್ರಿ” ಎಂದಳು ಪೆಂಟಮ್ಮ. “ಮಿರ್ಚಿ ಕಿಟಕ್ಯಾಗ ಇಟ್ಟು ಕಟ್ಟಿ ಮ್ಯಾಲೆ ಕುಂದರ್ರಿ. ವಿಚಾರಣಿ ಆಗಲಿ.”