ಕುಂಕುಮ ಕೆಂಪಗಿರಬೇಕು, ಹವಳ ಅರಳಬೇಕು

2005ರ ಸೆಪ್ಟೆಂಬರ್ 18, ಭಾನುವಾರ, ಸಂಜೆ ಆರೂ ಹತ್ತು. ನಮ್ಮ ಮನೆಯಲ್ಲಿ ಬೆಳಕಿನ ಜಗಳ ಶುರುವಾದದ್ದು ಆಗ. ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನದು. ನನಗೆ ಬರೆದಿಡುವ ಚಟ. ಪೇಪರ್ ಬಿದ್ದ ಹೊತ್ತು, ಕರೆಂಟ್ ಹೋದ ಹೊತ್ತು, ಅಪ್ಪ ಸೀನಿದ ಸಂಖ್ಯೆ, ಎಲ್ಲಕ್ಕೂ ನನ್ನ ಬಳಿ ದಾಖಲೆಯಿದೆ. ಇಂಥವನ ಕೈಗೆ ಸಮುದ್ರದ ನೀರಿನ ಅಕ್ವೇರಿಯಂ ಸಿಕ್ಕರೆ ಏನಾಗಬೇಕೋ ಅದೇ ಆಯಿತು. ಮನೆಯವರ ಜ್ವರಕ್ಕಿಂತ ಹೆಚ್ಚು ಸಲ ನಾನು ನೀರಿನ ಬಿಸಿ ನೋಡತೊಡಗಿದೆ.

ಜಯನಗರದ ನಮ್ಮ ಮನೆಯ ಹಾಲ್‌ನಲ್ಲಿ ಟೀವಿ ಇರಬೇಕಾದ ಜಾಗದಲ್ಲಿ ತೊಟ್ಟಿ ಕೂತಿದೆ. ಒಳಗೆ ಎರಡು ಮೀನು, ಒಂದಷ್ಟು ಕಲ್ಲು, ಕಲ್ಲಿನ ಮೇಲೆ ಹೂವಿನಂತೆ ಅರಳುವ ಜೀವಂತ ಹವಳ. "ಹವಳ ಅಂದ್ರೆ ಸರದಲ್ಲಿ ಪೋಣಿಸೋದು ಕಣೋ. ನಿಂದು ಊಟಾನೂ ಮಾಡುತ್ತಾ?" ಎಂದು ಅಮ್ಮ ಮೊದಲ ದಿನವೇ ಕೇಳಿದ್ದಳು. ಅದಕ್ಕೆ ಊಟಕ್ಕಿಂತ ಬೆಳಕು ಮುಖ್ಯ. ತೊಟ್ಟಿಯ ಮುಚ್ಚಳದಡಿ ನಾಲ್ಕು ಟ್ಯೂಬ್‌ಲೈಟಿಗೆ ಜಾಗ. ಬಿಳಿ ಎಷ್ಟು, ನೀಲಿ ಎಷ್ಟು ಎನ್ನುವುದೇ ಈ ವಿದ್ಯೆಯ ಗುಟ್ಟು. ಜೆ.ಪಿ. ನಗರದ ಅಂಗಡಿಯವರು, "ನಾಲ್ಕೂ ನೀಲಿ ಹಾಕಿ ಸಾರ್, ಸಖತ್ತಾಗಿರುತ್ತೆ" ಅಂದಿದ್ದರು. ಹಾಕಿದೆ. ಹವಳದ ಅಂಚು ಹಸಿರಾಗಿ ಮಿನುಗಿತು. ಆರಾಮಕುರ್ಚಿಯಲ್ಲಿದ್ದ ಅಪ್ಪನ ಬಿಳಿ ಪಂಚೆಯೂ ಮಿನುಗಿತು. ಕತ್ತಲಲ್ಲಿ ಪಂಚೆಯೊಂದೇ ಎದ್ದು ಅಡುಗೆಮನೆಯತ್ತ ನಡೆದುಹೋಗುವುದನ್ನು ನೋಡಲು ನಾವು ಅಭ್ಯಾಸ ಮಾಡಿಕೊಂಡೆವು.

ಆ ಭಾನುವಾರ ಪಕ್ಕದ ಮನೆಯ ಪದ್ಮಾ ಆಂಟಿ ಪಾತ್ರೆ ಹಿಂದಿರುಗಿಸಲು ಬಂದವರು ಅಮ್ಮನ ಮುಖ ನೋಡಿ ಗಾಬರಿಯಾದರು. "ಏನ್ರೀ ಸರೋಜಾ, ಹಣೆಗೆ ಕಪ್ಪು ಇಟ್ಕೊಂಡಿದೀರಾ?" ಅಮ್ಮ ರೂಮಿನ ಕನ್ನಡಿಗೆ ಓಡಿದಳು, ಕುಂಕುಮ ಕೆಂಪಗೇ ಇತ್ತು. ಹಾಲ್‌ಗೆ ಬಂದರೆ ಮತ್ತೆ ಕಪ್ಪು. ನೀಲಿ ಬೆಳಕಿನಲ್ಲಿ ಕೆಂಪು ಹಾಗೇ ಕಾಣುವುದೆಂದು ನಾನು ವಿಜ್ಞಾನ ಹೇಳಹೊರಟೆ. "ಪದ್ಮಾ, ನಿಮ್ದೂ ಕಪ್ಪು ಕಣ್ರೀ!" ಎಂದು ಅಮ್ಮ ಕೂಗಿದ್ದರಿಂದ ವಿಜ್ಞಾನ ಅಲ್ಲೇ ನಿಂತಿತು.

"ಇನ್ನು ಹದಿನೈದು ದಿನಕ್ಕೆ ನವರಾತ್ರಿ. ಗೊಂಬೆ ಕೂರಿಸೋದು ಇದೇ ಹಾಲ್‌ನಲ್ಲಿ. ಬಂದ ಮುತ್ತೈದೆಯರಿಗೆ ಕರೀ ಕುಂಕುಮ ಕೊಡ್ಲಾ? ಲೈಟ್ ಸರಿ ಮಾಡು, ಇಲ್ಲಾಂದ್ರೆ ನಿನ್ನ ಸಮುದ್ರ ಬಾಲ್ಕನಿಗೆ!"

ಬಾಲ್ಕನಿಗೆ ಮಧ್ಯಾಹ್ನವೆಲ್ಲ ಬಿಸಿಲು ಹೊಡೆಯುತ್ತದೆ. ಅಲ್ಲಿಟ್ಟರೆ ಸಮುದ್ರ ಸಾರಾಗುತ್ತದೆ, ಹವಳ ಬೇಯುತ್ತದೆ. ಸಂಜೆ ದೀಪ ಆರಿಸೋಣವೆಂದರೆ ನಾನು ಆಫೀಸಿನಿಂದ ಬಂದು ನೋಡುವುದೇ ಸಂಜೆ. ಅದಕ್ಕೆಂದೇ ದೀಪ ಮಧ್ಯಾಹ್ನ ಹೊತ್ತಿ ರಾತ್ರಿ ಆರುವಂತೆ ಇಟ್ಟು, ಹವಳಕ್ಕೆ ಮಧ್ಯಾಹ್ನ ಬೆಳಗಾಗುವಂತೆ ಮಾಡಿದ್ದೆ. ಇರಲಿ, ಬೇರೆ ಟ್ಯೂಬ್ ತರೋಣವೆಂದರೆ ಮಾರನೆಯ ದಿನದಿಂದ ಪಿತೃಪಕ್ಷ. "ಪಕ್ಷದಲ್ಲಿ ಹೊಸ ವಸ್ತು ಮನೆಗೆ ಬರಬಾರ್ದು" ಎಂದು ಅಮ್ಮನೇ ಬಾಗಿಲು ಹಾಕಿದಳು. ಲೈಟ್ ಬದಲಾಯಿಸಬೇಕು, ಲೈಟ್ ಕೊಳ್ಳಬಾರದು!

ಅಂಗಡಿಯವರ ಮುಂದೆ ಕಷ್ಟ ಹೇಳಿಕೊಂಡೆ. "ಹತ್ತು ವರ್ಷದಿಂದ ಅಂಗಡಿ ಇಟ್ಟಿದೀನಿ, ಕುಂಕುಮಕ್ಕೆ ಮ್ಯಾಚಿಂಗ್ ಟ್ಯೂಬ್ ಕೇಳಿದೋರು ನೀವೇ ಫಸ್ಟು ಸಾರ್" ಎಂದು ನಕ್ಕು, ಅವರ ತೊಟ್ಟಿಗಳಲ್ಲಿ ಉರಿಯುತ್ತಿದ್ದ ಹಳೆಯ ಟ್ಯೂಬ್‌ಗಳನ್ನು ಬಿಚ್ಚಿ ಎರವಲು ಕೊಟ್ಟರು. ಅಮ್ಮ ಅವುಗಳ ತುದಿಯ ಮಸಿ ಪರೀಕ್ಷಿಸಿ, "ಹಳೇದೇ, ಪರವಾಗಿಲ್ಲ" ಎಂದು ಒಳಗೆ ಬಿಟ್ಟುಕೊಂಡಳು.

ಪ್ರತಿ ಸಂಜೆ ಒಂದು ಜೋಡಣೆ. ಅಮ್ಮ ಹೊಸದಾಗಿ ಕುಂಕುಮವಿಟ್ಟು ತೊಟ್ಟಿಯ ಪಕ್ಕ ಹುರುಳಿಕಾಯಿ ಸೋಸುತ್ತ ಕೂರುವುದು, ಹಣೆಗೆ ಅಪ್ಪ ಅಂಕ ಕೊಡುವುದು, ಹವಳಕ್ಕೆ ನಾನು. ಮೂರು ಬಿಳಿ, ಒಂದು ನೀಲಿ: ಹಣೆಗೆ ಹತ್ತಕ್ಕೆ ಒಂಬತ್ತು, ಹವಳ ಮುದುಡಿಕೊಂಡು ನೆನೆದ ಹುಣಸೇಹಣ್ಣಿನಂತಾಯಿತು. ಎರಡು ಬಿಳಿ, ಎರಡು ನೀಲಿ: ಹವಳ ಅರ್ಧ ಅರಳಿತು, ಕುಂಕುಮ ಕಾಫಿಪುಡಿಯ ಬಣ್ಣಕ್ಕೆ ತಿರುಗಿತು. ಅಪ್ಪ "ಐದು" ಅಂದರು. "ಮೂವತ್ತು ವರ್ಷ ಸಂಸಾರ ಮಾಡಿದ ಹಣೆಗೆ ಐದೇನ್ರೀ?" ಎಂದು ಅಮ್ಮ ಕೇಳಿದ ಮೇಲೆ ಆರೂವರೆಗೆ ಏರಿಸಿದರು. ಇಂಥ ಪರೀಕ್ಷಕರನ್ನಿಟ್ಟುಕೊಂಡು ನಾನು ಸಂಶೋಧನೆ ಮಾಡಬೇಕಿತ್ತು.

ಕೊನೆಗೆ ಉಳಿದದ್ದು ಒಂದು ಗುಲಾಬಿ ಟ್ಯೂಬ್. ನೀರುಗಿಡ ಬೆಳೆಸುವವರು ಬಳಸುವಂಥದ್ದು. ಹವಳದವರು ಅದನ್ನು ಮುಟ್ಟುವುದಿಲ್ಲವೆಂದು ಅಂಗಡಿಯವರು ಎಚ್ಚರಿಸಿದ್ದರು. ಮಹಾಲಯ ಅಮಾವಾಸ್ಯೆಯ ಸಂಜೆ, ಬೇರೆ ದಾರಿಯಿಲ್ಲದೆ, ಎರಡು ನೀಲಿ, ಒಂದು ಬಿಳಿ, ಒಂದು ಗುಲಾಬಿ ಹಾಕಿ ಸ್ವಿಚ್ ಒತ್ತಿದೆ. ಅಪ್ಪ ಪೇಪರ್ ಕೆಳಗಿಟ್ಟರು. ಅಮ್ಮನ ಹಣೆಯಲ್ಲಿ ಕುಂಕುಮ ಈಗಷ್ಟೇ ಪೂಜೆ ಮುಗಿಸಿ ಬಂದಂತೆ ಕೆಂಪಗಿತ್ತು. ಅರ್ಧ ಗಂಟೆಗೆ ಹವಳ ಮೆಲ್ಲನೆ ಬಿಚ್ಚಿಕೊಂಡು ಪೂರ್ತಿ ಅರಳಿತು, ಅಂಚಿನಲ್ಲಿ ಹಸಿರು, ನಡುವೆ ನೇರಳೆ. ನಾನು ಎರಡೂ ಕಡೆ ಹತ್ತು ಬರೆದು ಅಡಿಗೆರೆ ಎಳೆದೆ.

ನವರಾತ್ರಿಗೆ ಬಂದ ಮುತ್ತೈದೆಯರು ಗೊಂಬೆಗೆ ಕೈಮುಗಿದು ತೊಟ್ಟಿಯ ಮುಂದೆ ಕೂತವರು ಏಳಲೇ ಇಲ್ಲ. ಹಂಚುವ ಕಡಲೆ ಸುಂಡಲ್ ಎರಡು ಸಲ ಮಾಡಬೇಕಾಯಿತು. "ಲೈಟ್ ಸೆಟ್ ಮಾಡಿದ್ದು ನಾನೇ ಕಣ್ರೀ, ಗುಲಾಬಿ ಒಂದು ಬೀಳ್ಬೇಕು" ಎಂದು ಅಮ್ಮ ಎಲ್ಲರಿಗೂ ಹೇಳಿದಳು. ಪದ್ಮಾ ಆಂಟಿಯಂತೂ ಮನೆಗೆ ಹೋಗಿ ಬೇರೆ ಸೀರೆ ಉಟ್ಟು ಇನ್ನೊಮ್ಮೆ ಬಂದರು.

ಗೆಲುವಿನ ಹುಮ್ಮಸ್ಸಿನಲ್ಲಿ ಅಮ್ಮ ಹೆಣ್ಣಿನ ಮನೆಗಳಿಗೆ ಕಳಿಸುವ ನನ್ನ ಫೋಟೋವನ್ನೂ ಆ ತೊಟ್ಟಿಯ ಮುಂದೆಯೇ ತೆಗೆಸಿದಳು. ಪ್ರಿಂಟ್ ಬಂದಿದೆ. ಹವಳ ಅರಳಿದೆ, ಪಕ್ಕದಲ್ಲಿ ನಿಂತ ಅಮ್ಮನ ಕುಂಕುಮ ಕೆಂಪಗಿದೆ, ನಾನೊಬ್ಬ ಮಾತ್ರ ಬದನೆಕಾಯಿ ಬಣ್ಣಕ್ಕಿದ್ದೇನೆ. ಜಾತಕದ ಜೊತೆ ಅದು ಈಗಾಗಲೇ ಮೂರು ಮನೆಗೆ ಹೋಗಿದೆ. ಮೂರರಿಂದಲೂ ತೊಟ್ಟಿಯನ್ನು ಮೆಚ್ಚಿ ಉತ್ತರ ಬಂದಿದೆ. ಗಂಡಿನ ಬಣ್ಣವನ್ನೂ ಸರಿಪಡಿಸುವ ಟ್ಯೂಬ್ ಜೋಡಣೆ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಿ. ಹಣೆಯ ಅಂಕ ಕಡಿಮೆಯಾಗಕೂಡದು, ಅಷ್ಟೇ.